ಇಬ್ಬರಿಗೂ 18: ಎರಡನೆಯ ತರಗತಿಯ ಓದಿನ ಪರೀಕ್ಷೆಯೊಂದಿಗೆ ಒಂದು ವರ್ಷ

ಎರಡನೆಯ ತರಗತಿಯ ಓದಿನ ಪರೀಕ್ಷೆಯ ಮೂರನೆಯ ಸುತ್ತು ಹೋದ ವಾರ ಮುಗಿಯಿತು. ಶಾಲೆ ಶುರುವಾದ ಮೂರನೆಯ ವಾರ ಒಂದು ಸುತ್ತು, ವರ್ಷದ ನಡುವೆ ಒಂದು, ಕೊನೆಗೆ ಒಂದು. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸುವುದು ಹೇಗೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಓದಿಸಿ ಗುರುತು ಹಾಕಿದ ಹಾಳೆಯನ್ನು ಸೋಮವಾರ ಬೆಳಿಗ್ಗೆ ಕೈಯಲ್ಲಿ ಹಿಡಿದಾಗ ಯಾರಿಗೆ ಏನು ಕಲಿಸಬೇಕು ಎಂಬುದನ್ನು ಮಾತ್ರ ಅಷ್ಟು ಬಿಡಿಸಿ ಹೇಳುವುದಿಲ್ಲ. ಮುಂದಿನ ವರ್ಷ ಇದನ್ನು ಮೊದಲ ಸಲ ಮಾಡಲಿರುವವರಿಗಾಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಸಿದ್ಧತೆಗೆ ಒಂದು ವಾರವಾದರೂ ಇಟ್ಟುಕೊಳ್ಳಿ. ಬೇಕಾದದ್ದು ನಾಲ್ಕು ಓದುವ ಹಾಳೆ. ಮೊದಲನೆಯದರಲ್ಲಿ 40 ಅಕ್ಷರ: 20 ಮೂಲಾಕ್ಷರ, 20 ಗುಣಿತಾಕ್ಷರ. ಎರಡನೆಯದರಲ್ಲಿ 20 ಪದ. 10 ಒತ್ತಿಲ್ಲದವು, 10 ಒತ್ತಕ್ಷರ ಇರುವವು. ಮೂರನೆಯದರಲ್ಲಿ ಅರ್ಥವಿಲ್ಲದ 10 ಪದ, ‘ಗಮು’, ‘ತಿಸೆ’, ‘ಬೂದಕಿ’ ಇಂಥವು. ನಾಲ್ಕನೆಯದು ಸುಮಾರು 60 ಪದಗಳ ಒಂದು ಪುಟ್ಟ ಕಥೆ, ಅದರ ಮೇಲೆ 5 ಪ್ರಶ್ನೆ. ಅರ್ಥವಿಲ್ಲದ ಪದ ಯಾಕೆ ಎಂದು ಸಹೋದ್ಯೋಗಿಗಳು ಖಂಡಿತ ಕೇಳುತ್ತಾರೆ. ‘ಮರ’ವನ್ನು ಮಗು ಕಣ್ಣಳತೆಯಲ್ಲೇ ಗುರುತಿಸಿಬಿಡಬಹುದು, ‘ಗಮು’ವನ್ನು ಅಕ್ಷರ ಕೂಡಿಸದೆ ಓದಲು ದಾರಿಯೇ ಇಲ್ಲ. ನೆನಪಿನಿಂದ ಬಂದದ್ದು ಯಾವುದು, ಓದಿ ಬಂದದ್ದು ಯಾವುದು ಎಂದು ಬೇರೆಮಾಡಲು ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ.

ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಬೇಡಿ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳುವ ಎಷ್ಟೋ ಮಕ್ಕಳು ‘ಕೀ’ ಒಂದನ್ನೇ ತೋರಿಸಿದರೆ ‘ಕ’ದಿಂದ ಶುರುಮಾಡಿ ಬೆರಳು ಮಡಚುತ್ತಾ ಅಲ್ಲಿಗೆ ಬರುತ್ತಾರೆ. ಅದು ಬಾಯಿಪಾಠ. ಹಾಗೆಯೇ ಕಥೆ ಪಠ್ಯಪುಸ್ತಕದ್ದಾಗಿರಬಾರದು, ಅದರ ಪಕ್ಕ ಚಿತ್ರವೂ ಇರಬಾರದು. ಪಾಠ ಬಾಯಿಗೆ ಬಂದಿರುವ ಮಗು ಪುಟ ನೋಡದೆಯೂ ಸರಾಗವಾಗಿ ‘ಓದುತ್ತದೆ’. ಕಥೆಯನ್ನು ಎರಡು ಬಗೆಯಲ್ಲಿ, ಅ ಮತ್ತು ಆ ಎಂದು ಬರೆದಿಟ್ಟುಕೊಳ್ಳಿ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಅಕ್ಷರದ ಗಾತ್ರ ಪಠ್ಯಪುಸ್ತಕಕ್ಕಿಂತ ಚಿಕ್ಕದಾಗದಿರಲಿ, ಸಾಲುಗಳ ನಡುವೆ ಜಾಗ ಧಾರಾಳವಾಗಿರಲಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಓದು ಬರುವ ಮಗುವೂ ತಡವರಿಸುತ್ತದೆ. ಮುದ್ರಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ನಮ್ಮ ಮೊದಲ ಪ್ರತಿಯಲ್ಲಿ ಅಕ್ಷರಶೈಲಿ ಕೈಕೊಟ್ಟು ನಾಲ್ಕು ಒತ್ತಕ್ಷರಗಳು ಬಿಡಿಬಿಡಿಯಾಗಿ ಅಚ್ಚಾಗಿದ್ದವು. ಖರ್ಚಿನ ಲೆಕ್ಕ ಹೇಳುವುದಾದರೆ, ಓದುವ ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಿದರೆ ಇಡೀ ವರ್ಷಕ್ಕೆ ಒಂದೇ ಸೆಟ್ ಸಾಕು. ಸುತ್ತಿಗೊಮ್ಮೆ ಬದಲಾಗುವುದು ಕಥೆ ಮಾತ್ರ. ಶಿಕ್ಷಕರು ಗುರುತು ಹಾಕುವ ಹಾಳೆ ಮಗುವಿಗೆ ಸುತ್ತಿಗೊಂದು, 30 ಮಕ್ಕಳಿಗೆ ಮೂರು ಸುತ್ತಿಗೆ 90. ನಿಜವಾದ ಖರ್ಚು ಸಮಯದ್ದು. ಮಗುವಿಗೆ 7 ನಿಮಿಷ ಹಿಡಿದರೂ 30 ಮಕ್ಕಳಿಗೆ 210 ನಿಮಿಷ, ಮೂರೂವರೆ ಗಂಟೆ. ಒಂದೇ ದಿನ ಮುಗಿಸುತ್ತೇವೆ ಎಂದು ಹೊರಡಬೇಡಿ. ಮಧ್ಯಾಹ್ನದ ಮೇಲೆ ಓದಿದ ಮಗುವಿನ ಅಂಕವನ್ನು ದಣಿವೂ ಇಳಿಸುತ್ತದೆ, ಕೇಳುವವರ ದಣಿವೂ ಇಳಿಸುತ್ತದೆ. ದಿನಕ್ಕೆ 6 ಮಕ್ಕಳಂತೆ ಐದು ದಿನ ಬೆಳಗಿನ ಹೊತ್ತು ಮಾಡಿದರೆ ಪಾಠವೂ ನಿಲ್ಲುವುದಿಲ್ಲ.

ಗುರುತು ಹಾಕುವ ನಿಯಮಗಳನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಎರಡನೆಯ ದಿನವೇ ಗೊಂದಲ ಶುರುವಾಗುತ್ತದೆ. ನಾವು ಹಿಡಿದದ್ದು ಇವು: ಒಂದು ನಿಮಿಷದಲ್ಲಿ ಎಷ್ಟು ಪದ ಓದಿತು, ಅದರಲ್ಲಿ ಸರಿ ಎಷ್ಟು, ಎರಡನ್ನೂ ಬರೆಯುವುದು. ಪದದ ಮುಂದೆ ಮಗು ಮೂರು ಸೆಕೆಂಡ್ ನಿಂತರೆ ನಾವೇ ಹೇಳಿ, ತಪ್ಪೆಂದು ಗೆರೆ ಎಳೆದು ಮುಂದೆ ಸಾಗಿಸುವುದು. ತಾನೇ ತಿದ್ದಿಕೊಂಡರೆ ಸರಿ. ಇಲ್ಲದ ಪದ ಸೇರಿಸಿದರೆ ಲೆಕ್ಕವಿಲ್ಲ, ಇದ್ದದ್ದನ್ನು ಬಿಟ್ಟರೆ ತಪ್ಪು. ಮೊದಲ 10 ಅಕ್ಷರಗಳಲ್ಲಿ ಒಂದೂ ಬಾರದಿದ್ದರೆ ಆ ಹಾಳೆಯನ್ನು ಅಲ್ಲಿಗೇ ನಿಲ್ಲಿಸುವುದು. ಬಾರದ್ದನ್ನೇ ಮತ್ತೆ ಮತ್ತೆ ಕೇಳಿ ಮಗುವನ್ನು ನೋಯಿಸಿ ತಿಳಿಯುವುದೇನೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ತಪ್ಪಾದ ಪದದ ಮೇಲೆ ಗೆರೆ ಎಳೆದು ಸುಮ್ಮನಾಗದೆ ಮಗು ಏನೆಂದು ಓದಿತೋ ಅದನ್ನು ಮೇಲೆ ಬರೆಯುವುದು. ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ.

ಇನ್ನೊಂದು ನಿಯಮಕ್ಕಾಗಿ ನಾವು ಸಾಕಷ್ಟು ವಾದ ಮಾಡಿದೆವು. ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದರೆ ತಪ್ಪೇ? ‘ಶಾಲೆ’ಯನ್ನು ‘ಸಾಲೆ’ ಎಂದರೆ? ‘ಹಣ’ ‘ಹನ’ ಆದರೆ? ಮನೆಯಲ್ಲಿ ಹಾಗೆಯೇ ಮಾತಾಡುವ ಮಗುವಾದರೆ ಅದು ಓದಿನ ತಪ್ಪಲ್ಲ. ಮಗು ಅಕ್ಷರವನ್ನು ಸರಿಯಾಗಿಯೇ ಗುರುತಿಸಿ ತನ್ನ ನಾಲಿಗೆಗೆ ಒಗ್ಗಿದ ಉಚ್ಚಾರಣೆಯಲ್ಲಿ ಹೇಳಿದೆ. ಇದನ್ನು ತಪ್ಪೆಂದು ಎಣಿಸಿದರೆ, ಓದಲು ಬರುವ ಮಕ್ಕಳು ಅವರ ಮನೆಮಾತಿನ ಕಾರಣಕ್ಕೆ ‘ಬಾರದವರ’ ಗುಂಪಿಗೆ ಬೀಳುತ್ತಾರೆ. ಅನುಮಾನ ಬಂದರೆ ಮಗುವಿನೊಂದಿಗೆ ಅರ್ಧ ನಿಮಿಷ ಹರಟೆ ಹೊಡೆಯಿರಿ. ಮಾತಿನಲ್ಲೂ ಹಾಗೇ ಬಂದರೆ ಗೆರೆ ಎಳೆಯಬೇಡಿ.

ಮೊದಲ ಸುತ್ತು ಅಂದುಕೊಂಡಂತೆ ನಡೆಯಲಿಲ್ಲ. ಸರದಿಗಾಗಿ ಪಕ್ಕದಲ್ಲೇ ಕೂತ ಮಕ್ಕಳು ಕಥೆಯನ್ನು ಕಿವಿಯಲ್ಲೇ ಕಲಿತರು. ನಾಲ್ಕನೆಯ ಮಗುವಿನ ಹೊತ್ತಿಗೆ ಹಾಳೆ ನೋಡುವ ಮೊದಲೇ ಮೊದಲ ವಾಕ್ಯ ಬಾಯಿಗೆ ಬಂತು. ಅ ಮತ್ತು ಆ ಕಥೆಗಳು ಬೇಕೆಂದದ್ದು ಇದಕ್ಕೇ. ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿ, ಓದುವ ಮಗುವಿನ ಬೆನ್ನು ತರಗತಿಯ ಕಡೆಗಿರಲಿ. ಕೇಳುವವರ ಮುಖವೂ ಹೇಳಿಕೊಡುತ್ತದೆ: ಮಗು ತಪ್ಪು ಹೇಳಿದಾಗ ಹುಬ್ಬು ಮೇಲೇರಿದರೆ ಸಾಕು, ಅದು ಕೂಡಲೇ ಬೇರೇನೋ ಹೇಳುತ್ತದೆ. ಸರಿ ಹೇಳಿದರೂ ತಪ್ಪು ಹೇಳಿದರೂ ಒಂದೇ ಮುಖ, ಒಂದೇ ‘ಹ್ಞೂಂ, ಮುಂದೆ’. ಮಕ್ಕಳ ಜೊತೆ ಇರುವವರಿಗೆ ಇದು ಸುಲಭವಲ್ಲ. ಕಷ್ಟಪಡುವ ಮಗುವಿಗೆ ಸುಳಿವು ಕೊಡಲು ಮನಸ್ಸು ತುಡಿಯುತ್ತದೆ. ಆದರೆ ಆ ಸುಳಿವು ಹಾಳೆಯ ಮೇಲೆ ‘ಬರುತ್ತದೆ’ ಎಂದು ದಾಖಲಾಗಿ, ಆ ಮಗುವಿಗೆ ಸಿಗಬೇಕಾದ ಪಾಠವೇ ತಪ್ಪಿಹೋಗುತ್ತದೆ.

ಇಬ್ಬರು ಶಿಕ್ಷಕರು ಹಂಚಿಕೊಂಡು ಮಾಡುವುದಾದರೆ ಮೊದಲ ಎರಡು ಮಕ್ಕಳನ್ನು ಇಬ್ಬರೂ ಜೊತೆಗೆ ಕೇಳಿ, ಪ್ರತ್ಯೇಕ ಹಾಳೆಯಲ್ಲಿ ಗುರುತು ಹಾಕಿ, ಹೋಲಿಸಿ ನೋಡಿ. ನಮ್ಮಲ್ಲಿ ವ್ಯತ್ಯಾಸ ಬಂದದ್ದು ಬಹುತೇಕ ದೀರ್ಘದ ವಿಷಯದಲ್ಲಿ: ‘ಕೇರಿ’ಯನ್ನು ಮಗು ‘ಕೆರಿ’ ಎಂದಿತೋ ‘ಕೇರಿ’ ಎಂದಿತೋ. ಒಬ್ಬರ ಕಿವಿಗೆ ಸರಿ, ಇನ್ನೊಬ್ಬರಿಗೆ ತಪ್ಪು. ಇದನ್ನು ಮೊದಲ ದಿನವೇ ಮಾತಾಡಿಕೊಂಡು ತೀರ್ಮಾನಿಸಬೇಕು. ಗೈರುಹಾಜರಾದ ಮಕ್ಕಳಿಗಾಗಿ ಮುಂದಿನ ವಾರ ಎರಡು ದಿನ ಮೀಸಲಿಡಿ. ಪದೇ ಪದೇ ಗೈರಾಗುವವರಿಗೇ ಈ ಪರೀಕ್ಷೆ ಹೆಚ್ಚು ಬೇಕು. ಪಟ್ಟಿಯಲ್ಲಿ ಅವರ ಮನೆ ಖಾಲಿ ಉಳಿದರೆ ವರ್ಷವಿಡೀ ಖಾಲಿಯೇ ಉಳಿಯುತ್ತದೆ. ಹಾಳೆಯನ್ನು ಮೂಗಿಗೆ ಹಿಡಿಯುವ, ತಲೆ ಓರೆ ಮಾಡುವ, ಪ್ರಶ್ನೆಯನ್ನು ಎರಡೆರಡು ಸಲ ಕೇಳುವ ಮಕ್ಕಳ ಹೆಸರಿನ ಪಕ್ಕ ಚುಕ್ಕೆ ಇಡಿ. ಅವರಿಗೆ ಮೊದಲು ಬೇಕಾದದ್ದು ಕಣ್ಣು, ಕಿವಿಯ ತಪಾಸಣೆ.

ಐದನೆಯ ದಿನ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತಾಗ ಎದೆ ಭಾರವಾಗುತ್ತದೆ. ಚೆನ್ನಾಗಿ ಓದುತ್ತಾರೆಂದು ನಂಬಿದ್ದ ಕೆಲವರಿಗೆ ಅಕ್ಷರವೇ ಬಾರದೆಂದು ತಿಳಿಯುವುದು ಅಂದೇ. ಈ ಭಾರದಲ್ಲೇ ನಾವು ವರ್ಷದ ದೊಡ್ಡ ತಪ್ಪು ಮಾಡಿದೆವು: ನಿಮಿಷಕ್ಕೆ ಎಷ್ಟು ಪದ ಸರಿ ಎಂಬ ಒಂದೇ ಅಂಕಿಯನ್ನು ಇಳಿಕೆಯ ಕ್ರಮದಲ್ಲಿ ಬರೆದು, ಮೇಲಿನಿಂದ ಕೆಳಕ್ಕೆ ಮೂರು ಗುಂಪು ಮಾಡಿಬಿಟ್ಟೆವು.

ಒಂದೇ ಗುಂಪಿಗೆ ಬಿದ್ದ ಇಬ್ಬರು ಮಕ್ಕಳ ಹಾಳೆಗಳನ್ನು ನೋಡಿ. ಇಬ್ಬರದೂ 18. ಮೊದಲ ಮಗು ನಿಮಿಷದಲ್ಲಿ 19 ಪದ ಓದಿ 18 ಸರಿ ಹೇಳಿದೆ. ನೂರಕ್ಕೆ 95ರಷ್ಟು ನಿಖರತೆ. ಎರಡನೆಯದು 30 ಪದ ಓದಿ 18 ಸರಿ, ನೂರಕ್ಕೆ 60. ಮೊದಲ ಮಗುವಿಗೆ ಅಕ್ಷರ, ಗುಣಿತ, ಒತ್ತು ಎಲ್ಲ ಬರುತ್ತದೆ. ಒಂದೊಂದನ್ನೂ ಕೂಡಿಸಿ ಓದುವುದರಿಂದ ನಿಧಾನ. ಅದಕ್ಕೆ ಬೇಕಾದದ್ದು ಒಂದೇ ಪುಟವನ್ನು ಮೂರು ನಾಲ್ಕು ಸಲ ಗಟ್ಟಿಯಾಗಿ ಓದುವ ಅಭ್ಯಾಸ. ಎರಡನೆಯದು ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿ ಓಡುತ್ತಿದೆ. ಅದಕ್ಕೆ ವೇಗದ ಅಭ್ಯಾಸ ಕೊಟ್ಟರೆ ಊಹೆಯೇ ಇನ್ನಷ್ಟು ಗಟ್ಟಿಯಾಗುತ್ತದೆ. ಇಬ್ಬರಿಗೂ ಮೂರು ವಾರ ಒಂದೇ ಪಾಠ ಮಾಡಿದೆವು. ಇಬ್ಬರಿಗೂ ಅದು ದಕ್ಕಲಿಲ್ಲ. ಆದ್ದರಿಂದ ಹಾಳೆಯ ತಲೆಯಲ್ಲಿ ಎರಡು ಅಂಕಿ ಬರೆಯಿರಿ, ಸರಿ ಪದ ಎಷ್ಟು, ನಿಖರತೆ ಎಷ್ಟು. ನಿಖರತೆ 90ಕ್ಕಿಂತ ಕೆಳಗಿದ್ದರೆ ವೇಗದ ಮಾತೇ ಬೇಡ. 95 ದಾಟಿದ ಮೇಲೆ ವೇಗ.

ಆಮೇಲೆ ತಪ್ಪುಗಳನ್ನು ಓದಬೇಕು. ಮೇಲೆ ಬರೆದುಕೊಂಡ ಪದಗಳು ಆಗ ಮಾತಾಡತೊಡಗುತ್ತವೆ. ‘ಶಕ್ತಿ’ಯನ್ನು ‘ಶಕಿತ’ ಎಂದು, ‘ಕಸ್ತೂರಿ’ಯನ್ನು ‘ಕಸೂತರಿ’ ಎಂದು ಓದಿದ ಮಗು ಒತ್ತಕ್ಷರವನ್ನು ಗುರುತಿಸಿದೆ. ಅದು ಎಡವಿರುವುದು ಬೇರೆ ಕಡೆ: ಗುಡಿಸು, ಕೊಂಬು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದರೂ ಉಚ್ಚಾರಣೆಯಲ್ಲಿ ಕೆಳಗಿನ ಒತ್ತಿನ ನಂತರ ಬರುತ್ತದೆ ಎಂಬುದು ಅದಕ್ಕೆ ಹೊಳೆದಿಲ್ಲ. ‘ಸೂರ್ಯ’ವನ್ನು ‘ಸೂಯರ’ ಎಂದರೆ ಅರ್ಕಾವೊತ್ತು ಬರೆಯುವ ಜಾಗ ಮತ್ತು ಓದುವ ಜಾಗ ಬೇರೆ ಎಂಬುದು ತಿಳಿದಿಲ್ಲ. ‘ಅಕ್ಕ’, ‘ಹಬ್ಬ’ ಓದಿ ‘ಅಮ್ಮ’, ‘ಕಲ್ಲು’ಗಳಲ್ಲಿ ನಿಂತರೆ ಕಾರಣ ಇನ್ನೊಂದು: ಕ, ಬ ಒತ್ತುಗಳು ಮೂಲಾಕ್ಷರವನ್ನೇ ಹೋಲುತ್ತವೆ, ತ, ನ, ಮ, ಯ, ರ, ಲ ಒತ್ತುಗಳ ಆಕಾರವೇ ಬೇರೆ, ಅವನ್ನು ಹೊಸ ಅಕ್ಷರಗಳಂತೆ ಕಲಿಸಬೇಕು. ‘ಒತ್ತಕ್ಷರ ಬರುವುದಿಲ್ಲ’ ಎಂದು ಷರಾ ಬರೆದರೆ ಈ ಮೂರೂ ಒಂದೇ ಚೀಲಕ್ಕೆ ಬೀಳುತ್ತವೆ. ಮೂರಕ್ಕೂ ಪಾಠ ಬೇರೆ ಬೇರೆ.

ಹಾಗೆಯೇ ದ-ಧ, ಪ-ಫ-ಷ, ವ-ಮ, ನ-ಸ, ರ-ಠ. ಇಲ್ಲಿ ಕಣ್ಣಿನ ಗೊಂದಲ ಯಾವುದು, ಕಿವಿಯ ಗೊಂದಲ ಯಾವುದು ಎಂದು ನೋಡಬೇಕು. ನ-ಸ ತಪ್ಪಿದರೆ ಕಣ್ಣಿನದು. ಎರಡನ್ನೂ ಪಕ್ಕಪಕ್ಕ ಬರೆಸಿ ಎಲ್ಲಿ ತಿರುಗುತ್ತದೆಂದು ಬೆರಳಲ್ಲಿ ತೋರಿಸಿದರೆ ಸರಿಹೋಗುತ್ತದೆ. ದ-ಧ ಎರಡೂ ಕಡೆಯದು. ಮಹಾಪ್ರಾಣ ಮಾತಿನಲ್ಲೇ ಇಲ್ಲದ ಮಗುವಿಗೆ ಅದನ್ನು ಮೊದಲ ತಿಂಗಳೇ ಹಟ ಹಿಡಿದು ತಿದ್ದುವುದು ಬೇಡ. ಅಷ್ಟು ಹೊತ್ತನ್ನು ಗುಣಿತದ ಹ್ರಸ್ವ-ದೀರ್ಘಕ್ಕೆ ಕೊಟ್ಟರೆ ಫಲ ಹೆಚ್ಚು.

ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ಕಡೆ ಎಡವಿದ್ದರೆ ಅದನ್ನು ಗುಂಪಿನ ಪಾಠ ಮಾಡಬೇಡಿ. ಇಡೀ ತರಗತಿಗೆ ದಿನಕ್ಕೆ 10 ನಿಮಿಷ, ಎರಡು ವಾರ. ನಮ್ಮಲ್ಲಿ ಎತ್ವ-ಏತ್ವ, ಒತ್ವ-ಓತ್ವ ಹಾಗಿದ್ದವು. ಅದು ಕಳೆದ ಮೇಲೆ ಗುಂಪುಗಳು ತಾವಾಗಿ ಚಿಕ್ಕದಾದವು. ಉಳಿದವರನ್ನು ಮೂರು ಗುಂಪು ಮಾಡಿದೆವು: ಅಕ್ಷರ ಇನ್ನೂ ಕೂತಿಲ್ಲದವರು, ಗುಣಿತ-ಒತ್ತಿನಲ್ಲಿ ಎಡವುವವರು, ನಿಖರವಾಗಿದ್ದರೂ ನಿಧಾನವಾದವರು. ದಿನಕ್ಕೆ 15 ನಿಮಿಷದ ಎರಡು ಸಲ ಕೂತರೆ ವಾರಕ್ಕೆ 10 ಸಲ. ಮೊದಲ ಗುಂಪಿಗೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 2. ಸಮನಾಗಿ ಹಂಚಬೇಡಿ. ಗುಂಪಿಗೆ ಹೂವಿನದೋ ಹಕ್ಕಿಯದೋ ಹೆಸರಿಡಬಹುದು, ಆದರೆ ಯಾರು ಯಾವ ಗುಂಪಿನಲ್ಲಿ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಬಾರದು. ನಾಲ್ಕು ವಾರಕ್ಕೊಮ್ಮೆ ಗುಂಪುಗಳನ್ನು ಒಡೆದು ಮತ್ತೆ ಕಟ್ಟಬೇಕು.

ಮೊದಲ ಗುಂಪಿನ 15 ನಿಮಿಷ ಹೀಗೆ: 3 ನಿಮಿಷ ಗೊತ್ತಿರುವ ಅಕ್ಷರಗಳ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), 4 ನಿಮಿಷ ಹೊಸ ಅಕ್ಷರ, 5 ನಿಮಿಷ ಆ ಅಕ್ಷರಗಳಿಂದಲೇ ಆದ ಪದಗಳ ಓದು, ಕೊನೆಯ 3 ನಿಮಿಷ ಉಕ್ತಲೇಖನ. ದಿನಕ್ಕೆ ಎರಡಕ್ಕಿಂತ ಹೆಚ್ಚು ಹೊಸ ಅಕ್ಷರ ಬೇಡ. ‘ರ, ಗ, ಸ, ದ, ಅ’ ಈ ಐದರಿಂದಲೇ ಸರ, ದರ, ಅಗಸ, ಅರಸ, ಗರಗಸ ಆಗುತ್ತವೆ. ಐದು ಅಕ್ಷರ ಕಲಿತ ದಿನವೇ ಐದು ಪದ ಓದಿದ ಮಗುವಿನ ಮುಖವನ್ನು ನೋಡಿಯೇ ತಿಳಿಯಬೇಕು. ಉಳಿದ ಮಕ್ಕಳು ಆ ಹೊತ್ತಿನಲ್ಲಿ ಜೋಡಿ ಓದು ಮಾಡಲಿ. ಅದನ್ನು ರೂಢಿ ಮಾಡಿಸಲೇ ಎರಡು ವಾರ ಬೇಕು. ರೂಢಿಯಾಗುವ ಮೊದಲೇ ಗುಂಪಿನ ಪಾಠ ಶುರುಮಾಡಿದರೆ ಗದ್ದಲದಲ್ಲಿ ಎರಡೂ ಕೆಡುತ್ತವೆ.

ಓದುತ್ತಾರೆ, ಆದರೆ ಪ್ರಶ್ನೆಗೆ ಉತ್ತರ ಬರುವುದಿಲ್ಲ ಎಂಬ ಮಕ್ಕಳು ಕೆಲವರಾದರೂ ಇರುತ್ತಾರೆ. ಮೊದಲು, ಮಗು ಓದಿದ ಭಾಗದವರೆಗಿನ ಪ್ರಶ್ನೆಗಳನ್ನಷ್ಟೇ ಕೇಳಿದ್ದೀರಾ ನೋಡಿಕೊಳ್ಳಿ. ಆಮೇಲೆ ಅಂಥದೇ ಇನ್ನೊಂದು ಕಥೆಯನ್ನು ನೀವೇ ಓದಿ ಹೇಳಿ ಪ್ರಶ್ನೆ ಕೇಳಿ. ಕೇಳಿಸಿಕೊಂಡು ಉತ್ತರಿಸಿದರೆ ಭಾಷೆ ಇದೆ, ಬಿಡಿಸಿ ಓದುವುದಕ್ಕೇ ಶಕ್ತಿಯೆಲ್ಲ ಹೋಗುತ್ತಿದೆ. ಕೇಳಿಯೂ ಉತ್ತರ ಬಾರದಿದ್ದರೆ ಪದಸಂಪತ್ತು ಸಾಲದು. ಮನೆಮಾತು ಬೇರೆ ಇರಬಹುದು. 1986ರಲ್ಲಿ ಓದಿನ ಸಂಶೋಧಕರಾದ ಗಾಫ್ ಮತ್ತು ಟನ್ಮರ್ ಮುಂದಿಟ್ಟ ಸರಳ ಸೂತ್ರ ಇದೇ: ಓದಿನ ಗ್ರಹಿಕೆ ಎಂದರೆ ಬಿಡಿಸಿ ಓದುವ ಶಕ್ತಿ ಮತ್ತು ಕೇಳಿ ಅರಿಯುವ ಶಕ್ತಿಗಳ ಗುಣಲಬ್ಧ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಎರಡನೆಯ ಬಗೆಯ ಮಗುವಿಗೆ ಕಾಗುಣಿತ ತೀಡಿಸಿ ಪ್ರಯೋಜನವಿಲ್ಲ. ಅದಕ್ಕೆ ದಿನವೂ ಕಥೆ ಹೇಳಬೇಕು, ಅದರಿಂದ ಮಾತಾಡಿಸಬೇಕು.

ನಿಮಿಷಕ್ಕೆ ಎಷ್ಟು ಪದ ಬಂದರೆ ಸಾಕು? ಇಂಗ್ಲಿಷ್ ಓದಿಗೆ ಮಾಡಿದ ಪಟ್ಟಿಯನ್ನು ತಂದು ಕನ್ನಡಕ್ಕೆ ಹಚ್ಚಬೇಡಿ. ‘ಮನೆಯಲ್ಲಿರುವವರಿಗೆ’ ಎಂಬುದು ನಮ್ಮಲ್ಲಿ ಒಂದೇ ಪದ. 2022ರಲ್ಲಿ ಎನ್‌ಸಿಇಆರ್‌ಟಿ ಮೂರನೆಯ ತರಗತಿ ಮಕ್ಕಳ ಬುನಾದಿ ಕಲಿಕೆಯ ಅಧ್ಯಯನ ನಡೆಸಿದಾಗಲೂ 20 ಭಾಷೆಗಳಿಗೆ ಓದಿನ ಮಾನದಂಡವನ್ನು ಬೇರೆ ಬೇರೆಯಾಗಿಯೇ ನಿಗದಿ ಮಾಡಿತು. ಮಗುವಿನ ಈ ತಿಂಗಳ ಓದನ್ನು ಅದರದೇ ಹಿಂದಿನ ತಿಂಗಳ ಓದಿನ ಪಕ್ಕ ಇಟ್ಟು ನೋಡುವುದು ದಿನನಿತ್ಯದ ಪಾಠಕ್ಕೆ ಹೆಚ್ಚು ಉಪಯೋಗ.

ಅದಕ್ಕಾಗಿಯೇ ವಾರದ ಒಂದು ನಿಮಿಷ. ತೀರಾ ಹಿಂದಿರುವ ಆರು ಮಕ್ಕಳಿಗೆ ಮಾತ್ರ, ವಾರಕ್ಕೊಮ್ಮೆ, ಅದೇ ಮಟ್ಟದ ಹೊಸ ಕಥೆ. ಎಲ್ಲ ಸೇರಿ 10 ನಿಮಿಷ. ಚೌಕುಳಿ ಹಾಳೆಯಲ್ಲಿ ಗುರಿಯ ಗೆರೆ ಎಳೆಯಿರಿ. ಈಗ 12 ಇದ್ದು, 12 ವಾರದಲ್ಲಿ 30 ಆಗಬೇಕಾದರೆ ವಾರಕ್ಕೆ ಒಂದೂವರೆ ಪದ ಏರಬೇಕು. ಸತತ ನಾಲ್ಕು ಬಿಂದು ಗೆರೆಯ ಕೆಳಗೆ ಬಿದ್ದರೆ ಪಾಠ ಬದಲಿಸಿ. ನಾಲ್ಕೂ ಮೇಲಿದ್ದರೆ ಗುರಿ ಏರಿಸಿ. ನಾವು ಮೊದಲು 15 ದಿನಕ್ಕೊಮ್ಮೆ ಅಳೆಯುತ್ತಿದ್ದೆವು. ನಾಲ್ಕು ಬಿಂದು ಸೇರುವಷ್ಟರಲ್ಲಿ ಎರಡು ತಿಂಗಳು ಕಳೆದುಹೋಗುತ್ತಿತ್ತು. ಒಂದು ಬಿಂದು ಕುಸಿದ ಮಾತ್ರಕ್ಕೆ ಗಾಬರಿ ಬೇಡ. ಒಂದು ಕಥೆ ಸುಲಭ, ಇನ್ನೊಂದು ಕಷ್ಟ. ಅದೇ ಮಗು ಒಂದರಲ್ಲಿ 21, ಇನ್ನೊಂದರಲ್ಲಿ 34 ಓದಬಹುದು. ದೊಡ್ಡ ಸುತ್ತಿನಲ್ಲಿ ಅನುಮಾನ ಬಂದರೆ ಮೂರು ಕಥೆ ಓದಿಸಿ ನಡುವಿನ ಅಂಕ ತೆಗೆದುಕೊಳ್ಳಿ: 21, 34, 25 ಬಂದರೆ 25.

ನಡುವಿನ ಸುತ್ತಿನಲ್ಲಿ ನಿರಾಸೆ ಕಾದಿತ್ತು. ಮೊದಲ ಗುಂಪಿನ ಮಕ್ಕಳ ಕಥೆಯ ಅಂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಮೇಲಿನವರಿಗೆ ಹೋಗುವ ಪಟ್ಟಿಯಲ್ಲಿ ಇಷ್ಟೇ ಕಾಣುವುದು. ಅಕ್ಷರದ ಹಾಳೆ ಬೇರೆಯದನ್ನೇ ಹೇಳಿತು: 40ರಲ್ಲಿ 9 ಬರುತ್ತಿದ್ದ ಮಗುವಿಗೆ ಈಗ 27 ಬರುತ್ತಿತ್ತು. ಕನ್ನಡದಲ್ಲಿ ಕಲಿಯಬೇಕಾದ ಅಕ್ಷರರೂಪಗಳು ನೂರಾರು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ; ಗುಣಿತ ಕೂರುವವರೆಗೆ ಕಥೆಯ ವೇಗ ಏರುವುದಿಲ್ಲ. ಹಾಗಾಗಿ ಹಾಳೆಗಳನ್ನು ಮೇಲೆ ಕಳಿಸುವ ಮೊದಲು ಒಂದೊಂದರ ಪ್ರತಿ ನಿಮ್ಮಲ್ಲಿರಲಿ. ಕಳಿಸಿದ್ದು ವಾಪಸ್ ಬರುವಾಗ ಶೇಕಡಾವಾರು ಅಂಕಿಯಾಗಿ, ತಡವಾಗಿ ಬರುತ್ತದೆ. ‘ಶಕಿತ’ ಎಂದು ಓದಿದ ಮಗು ಆ ಅಂಕಿಯಲ್ಲಿ ಸಿಗುವುದಿಲ್ಲ. ಆ ಸುತ್ತಿನಲ್ಲಿ ಇನ್ನೊಂದು ಬದಲಾವಣೆಯನ್ನೂ ಮಾಡಿಕೊಂಡೆವು. ಕಥೆಯನ್ನು 95ರ ನಿಖರತೆಯಲ್ಲಿ ಓದಿ ಪ್ರಶ್ನೆಗಳಿಗೂ ಉತ್ತರಿಸಿದ ಮಕ್ಕಳಿಗೆ ಅಕ್ಷರ, ಪದದ ಹಾಳೆಗಳನ್ನು ಬಿಟ್ಟೆವು. ಅಷ್ಟು ಮಕ್ಕಳಿಗೆ 7 ನಿಮಿಷ 3ಕ್ಕೆ ಇಳಿಯಿತು.

ಪೋಷಕರಿಗೆ ಅಂಕ ಹೇಳಬೇಡಿ. ‘18’ ಎಂದರೆ ಅವರು ಕೇಳುವ ಮುಂದಿನ ಪ್ರಶ್ನೆ ಪಕ್ಕದ ಮನೆಯ ಮಗುವಿಗೆ ಎಷ್ಟು ಎಂಬುದೇ. ಮಗುವಿನಿಂದಲೇ ಎರಡು ಸಾಲು ಓದಿಸಿ, ‘ಇಷ್ಟು ಬರುತ್ತದೆ ನೋಡಿ, ಈಗ ಕಲಿಯುತ್ತಿರುವುದು ಒತ್ತಕ್ಷರ, ರಾತ್ರಿ ಹತ್ತು ನಿಮಿಷ ಪಕ್ಕ ಕೂತು ಓದಿದ್ದನ್ನು ಕೇಳಿಸಿಕೊಳ್ಳಿ’ ಎಂದರೆ ಸಾಕು. ಓದು ಬಾರದ ತಾಯಿತಂದೆಯೂ ಇದನ್ನು ಮಾಡಬಲ್ಲರು.

ಕೊನೆಯ ಸುತ್ತು ಮೂರೇ ದಿನದಲ್ಲಿ ಮುಗಿಯಿತು. ಈಗ ಮೂರನೆಯ ತರಗತಿಯ ಶಿಕ್ಷಕರಿಗೆ ಒಪ್ಪಿಸಲು ಮಗುವಿಗೊಂದು ಚೀಟಿ ಬರೆಯುತ್ತಿದ್ದೇವೆ. ಅದರಲ್ಲಿ ಮೂರು ಸಾಲು: ಏನು ಗಟ್ಟಿಯಾಗಿ ಬರುತ್ತದೆ, ಎಲ್ಲಿ ಎಡವುತ್ತದೆ (ಮಗು ಓದಿದ ತಪ್ಪು ಪದಗಳ ಸಹಿತ), ಯಾವ ಪಾಠ ಫಲ ಕೊಟ್ಟಿತು. ‘18’ರ ಇಬ್ಬರಲ್ಲಿ ಊಹಿಸಿ ಓಡುತ್ತಿದ್ದ ಮಗುವಿನ ಚೀಟಿ ಹೀಗಿದೆ: ‘ಗುಣಿತ ಪೂರ್ತಿ ಬರುತ್ತದೆ. ತ, ರ ಒತ್ತಿನಲ್ಲಿ ಇನ್ನೂ ಊಹೆ: ಪುಸ್ತಕ-ಪುಸಕ, ಚಕ್ರ-ಚಕ. ಪದದ ಕೆಳಗೆ ಬೆರಳಿಟ್ಟು ಓದಿಸಿದರೆ ನಿಧಾನವಾಗುತ್ತದೆ, ಆದರೆ ಸರಿಯಾಗಿ ಓದುತ್ತದೆ. ಜೂನ್‌ನಲ್ಲಿ ಅಲ್ಲಿಂದಲೇ ಶುರುಮಾಡಿ.’